ಎರಡೂವರೆ ನಿಮಿಷಕ್ಕೆ ಎಷ್ಟು ಸಂಜೆ?

ಈ ಅಂಕಣಕ್ಕೆ ಸಾಮಾನ್ಯವಾಗಿ ಬೇರೆ ಬೇರೆ ವೃತ್ತಿಗಳ ಪ್ರಶ್ನೆಗಳು ಬೆರೆತು ಬರುತ್ತವೆ. ಹೋದ ತಿಂಗಳು ಸ್ವತಂತ್ರವಾಗಿ ಅನಿಮೇಷನ್ ಕಿರುಚಿತ್ರ ಮಾಡುವವರ ಬಗ್ಗೆ ಎರಡು ಸಾಲು ಬರೆದದ್ದೇ ನೆಪವಾಗಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪತ್ರಗಳೆಲ್ಲ ಈ ಸಲ ಅದೇ ವಿಷಯವನ್ನು ಹಿಡಿದಿವೆ. ನಾನು ಬೆಂಗಳೂರಿನ ಸ್ಟುಡಿಯೊಗಳಲ್ಲಿ 6 ವರ್ಷ ದುಡಿದು ಬೆಳಗಾವಿಗೆ ಮರಳಿದವಳು. ಆಮೇಲಿನ 11 ವರ್ಷಗಳಲ್ಲಿ 4 ಕಿರುಚಿತ್ರಗಳನ್ನು ಮುಗಿಸಿದ್ದೇನೆ, ನಾಲ್ಕನ್ನೂ ಕೂಡಿಸಿದರೆ 14 ನಿಮಿಷವೂ ಆಗುವುದಿಲ್ಲ. ನನ್ನ ಉತ್ತರಗಳನ್ನು ಆ ಅಳತೆಯಲ್ಲಿಯೇ ಓದಿಕೊಳ್ಳಬೇಕು.

ಪ್ರಶ್ನೆ: ಮೇಡಂ, ದೃಶ್ಯಕಲೆಯಲ್ಲಿ ಪದವಿ ಮುಗಿಸಿದ್ದೇನೆ. ಬೆಂಗಳೂರಿನ ಒಂದು ಅನಿಮೇಷನ್ ಸ್ಟುಡಿಯೊದಲ್ಲಿ ಕೆಲಸ ಸಿಗುವಂತಿದೆ. ಆದರೆ ನನ್ನದೇ ಕಿರುಚಿತ್ರಗಳನ್ನು ಮಾಡಬೇಕೆಂಬುದು ನನ್ನ ಆಸೆ. ನಮ್ಮ ತಂದೆಯವರು “ಇದರಾಗ ಹೊಟ್ಟಿ ತುಂಬತೈತೇನು?” ಎಂದು ಕೇಳುತ್ತಾರೆ. ನಾನು ಏನು ಹೇಳಬೇಕು?
— ಓದುಗ, ಸಿಂದಗಿ

ಉತ್ತರ: ತಂದೆಯವರಿಗೆ ಪ್ರಾಮಾಣಿಕವಾಗಿ “ಇಲ್ಲ” ಎಂದು ಹೇಳಿ. ಕಿರುಚಿತ್ರವನ್ನು ಟಿಕೆಟ್ ಕೊಂಡು ನೋಡುವ ರೂಢಿ ನಮ್ಮಲ್ಲಿಲ್ಲ. ಚಿತ್ರೋತ್ಸವದ ಬಹುಮಾನ ಬಂದರೂ ಒಮ್ಮೆ ಬರುತ್ತದೆ, ವಾಹಿನಿಯವರು ಕೊಳ್ಳುವುದು ಅದಕ್ಕಿಂತ ಅಪರೂಪ. ಆದರೆ ಚಿತ್ರ ಮಾಡಿ ಪಳಗಿದ ಕೈಗೆ ಬೇರೆ ಕೆಲಸ ಸಿಗುತ್ತದೆ, ಮತ್ತು ಈ ವೃತ್ತಿ ವರ್ಷಗಟ್ಟಲೆ ನಡೆಯುವುದು ಆ ಬೇರೆ ಕೆಲಸದ ಬಲದಿಂದ. ಇದನ್ನು ಮೊದಲೇ ಒಪ್ಪಿಕೊಂಡವರು ಎರಡನೆಯ ಚಿತ್ರವನ್ನೂ ಮಾಡುತ್ತಾರೆ. ಒಪ್ಪಿಕೊಳ್ಳದವರು ಮೊದಲ ಚಿತ್ರದ ಸಾಲ ತೀರಿಸುತ್ತ ಕೂರುವುದನ್ನು ನಾನು ಕಂಡಿದ್ದೇನೆ.

ಹೆಸರು ಮಾಡಿದವರ ದಾರಿಯೂ ಸುಲಭದ್ದಾಗಿರಲಿಲ್ಲ. ಅಮೆರಿಕದ ಬಿಲ್ ಪ್ಲಿಂಪ್ಟನ್ ಅವರ ‘ಯುವರ್ ಫೇಸ್’ (1987) ಹಾಡುತ್ತಿರುವ ಒಬ್ಬ ಮನುಷ್ಯನ ಮುಖ ವಿಕಾರಗೊಳ್ಳುತ್ತ ಹೋಗುವ ಸುಮಾರು ಮೂರು ನಿಮಿಷದ ಚಿತ್ರ. ಅದು ಆಸ್ಕರ್ ನಾಮನಿರ್ದೇಶನ ಪಡೆದ ಮೇಲೆ ಬಂದ ಜಾಹೀರಾತು ಕೆಲಸದ ಹಣವನ್ನು ಅವರು ತಮ್ಮ ಮುಂದಿನ ಚಿತ್ರಗಳಿಗೆ ಹಾಕಿದರು. ಅದೇ ದೇಶದ ಡಾನ್ ಹರ್ಟ್ಸ್‌ಫೆಲ್ಟ್ ಜಾಹೀರಾತಿಗೆ ಕೈ ಹಚ್ಚುವುದೇ ಇಲ್ಲವೆಂದು ನಿಂತವರು. ಅವರ ‘ರಿಜೆಕ್ಟೆಡ್’ (2000) ತಿರಸ್ಕೃತವಾದ ಜಾಹೀರಾತುಗಳನ್ನೇ ಗೇಲಿ ಮಾಡುವ ಚಿತ್ರ. ಅವರು ಚಿತ್ರಗಳನ್ನು ಊರೂರಿಗೆ ಒಯ್ದು ತೋರಿಸಿದರು, ಡಿವಿಡಿ ಮಾರಿದರು. ಹಣ ಕೊಟ್ಟು ನೋಡಲು ಬರುವ ಪ್ರೇಕ್ಷಕರಿರುವ ಕಡೆ ಅದು ನಡೆದೀತು. ಸಿಂದಗಿಯಲ್ಲಿ ಕೂತು ಆ ಹಟವನ್ನು ಮೊದಲ ದಿನದಿಂದಲೇ ಹಿಡಿಯುವುದು ಜಾಣತನವಲ್ಲ. ನಮಗೆ ಹತ್ತಿರದ ಉದಾಹರಣೆ ಗೀತಾಂಜಲಿ ರಾವ್. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಅನಿಮೇಷನ್ನನ್ನು ಕೆಲಸ ಮಾಡುತ್ತಲೇ ಕಲಿತ ಅವರು, ಹೆಚ್ಚುಕಡಿಮೆ ಒಬ್ಬರೇ ಕೂತು ಬಿಡಿಸಿದ 15 ನಿಮಿಷದ ‘ಪ್ರಿಂಟೆಡ್ ರೇನ್‌ಬೋ’ 2006ರಲ್ಲಿ ಕಾನ್ ಚಿತ್ರೋತ್ಸವದ ವಿಮರ್ಶಕರ ಸಪ್ತಾಹದಲ್ಲಿ ಪ್ರಶಸ್ತಿಗಳನ್ನು ಪಡೆಯಿತು. ಅವರ ಮೊದಲ ಪೂರ್ಣಾವಧಿ ಚಿತ್ರ ವೆನಿಸ್ ಚಿತ್ರೋತ್ಸವ ತಲುಪಿದ್ದು 2019ರಲ್ಲಿ. ನಡುವಿನ 13 ವರ್ಷಗಳನ್ನು ಲೆಕ್ಕಕ್ಕೆ ಹಿಡಿಯದೆ ಪ್ರಶಸ್ತಿಯ ಸುದ್ದಿಯನ್ನಷ್ಟೇ ಓದುವುದರಿಂದ ನಮ್ಮ ಹುಡುಗರಿಗೆ ಈ ವೃತ್ತಿಯ ತಪ್ಪು ಚಿತ್ರ ಸಿಗುತ್ತದೆ.

ಹಾಗಾದರೆ ಸ್ಟುಡಿಯೊ ಕೆಲಸಕ್ಕೆ ಹೋಗಬೇಕೆ? ಹೋಗಿ, ಎರಡು ಮೂರು ವರ್ಷಕ್ಕೆ. ಅಲ್ಲಿ ನಿಮಗೆ ಸಿಗುವುದು ಬಹುಶಃ ಯಾವುದೋ ದೇಶದ ಮಕ್ಕಳ ಸರಣಿಯಲ್ಲಿ ಒಂದೇ ಪಾತ್ರವನ್ನು ಎಡದಿಂದ ಬಲಕ್ಕೆ ನಡೆಸುವ ಕೆಲಸ. ಕಲೆ ಎಂದು ಹೋದವರಿಗೆ ಮೊದಲ ಆರು ತಿಂಗಳು ಅದು ಕೂಲಿಯಂತೆಯೇ ಕಾಣುತ್ತದೆ. ಆದರೆ ದಿನಕ್ಕೆ ಇಷ್ಟು ಸೆಕೆಂಡ್ ಕೊಡಲೇಬೇಕೆಂಬ ಒತ್ತಡದಲ್ಲಿ ಕೈಗೆ ಬರುವ ಟೈಮಿಂಗ್, ಫೈಲುಗಳಿಗೆ ಕ್ರಮವಾಗಿ ಹೆಸರಿಡುವ ಶಿಸ್ತು, ತಪ್ಪನ್ನು ಹಿರಿಯರೊಬ್ಬರು ನಿಷ್ಠುರವಾಗಿ ತೋರಿಸುವ ಅಭ್ಯಾಸ, ಇವು ಮನೆಯಲ್ಲಿ ಕೂತು ವಿಡಿಯೊ ಪಾಠ ನೋಡಿ ಬರುವಂಥವಲ್ಲ. ನಾನು ಮೂರನೆಯ ವರ್ಷಕ್ಕೇ ಬಿಡಬೇಕಾಗಿತ್ತು. ಸಂಬಳದ ರುಚಿಗೆ ಇನ್ನೂ ಮೂರು ವರ್ಷ ಉಳಿದೆ, ಆ ಮೂರು ವರ್ಷಗಳಲ್ಲಿ ನನ್ನದೆಂದು ಹೇಳಿಕೊಳ್ಳುವ ಒಂದು ಸೆಕೆಂಡ್ ಕೂಡ ಆಗಲಿಲ್ಲ.

ಊರಿಗೆ ಮರಳಿದ ಮೇಲೆ ಕೆಲಸವೆಲ್ಲಿದೆ ಎಂದು ಕೇಳಬಹುದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ಅವುಗಳಿಗೆ ಕಾರ್ಮಿಕರ ಸುರಕ್ಷತೆಯ ಚಿತ್ರಗಳು ಬೇಕು. ಸಹಕಾರಿ ಬ್ಯಾಂಕುಗಳಿವೆ, ಹನಿ ನೀರಾವರಿಯ ವ್ಯಾಪಾರಿಗಳಿದ್ದಾರೆ, ಪಾಠಗಳನ್ನು ವಿಡಿಯೊ ಮಾಡಿಸುವ ಶಾಲೆಗಳಿವೆ, ಮದುವೆಯ ಆಮಂತ್ರಣವನ್ನು ಫೋನಿಗೆ ಕಳಿಸಬೇಕೆನ್ನುವ ಮನೆಗಳಂತೂ ಲೆಕ್ಕವಿಲ್ಲ. ಇವನ್ನು ಕೀಳೆಂದು ನೋಡಬೇಡಿ. ನನ್ನ ಎರಡನೆಯ ಚಿತ್ರದ ಖರ್ಚು ಪೂರ್ತಿ ಹುಟ್ಟಿದ್ದು ಆಮಂತ್ರಣಗಳಿಂದ. ಅವುಗಳಲ್ಲಿ ಎಷ್ಟು ಗಣಪತಿಗಳನ್ನು ಬಿಡಿಸಿದ್ದೇನೆಂಬುದು ಆ ಗಣಪತಿಗೇ ಗೊತ್ತು. ಆದರೆ ಕರಾರಿಲ್ಲದೆ ಕೆಲಸ ಹಿಡಿಯಬೇಡಿ. ಅರ್ಧ ಹಣ ಮುಂಗಡ, ಅನಿಮ್ಯಾಟಿಕ್ (ಒರಟು ಚಿತ್ರಗಳನ್ನು ಸದ್ದಿನೊಂದಿಗೆ ಜೋಡಿಸಿದ ಕರಡು) ನೋಡಿ ಅವರು ಒಪ್ಪಿ ಸಹಿ ಮಾಡಿದ ಮೇಲೆ ಕಾಲು ಭಾಗ, ಉಳಿದದ್ದು ಫೈಲು ಕೊಡುವ ಮೊದಲು. ತಿದ್ದುಪಡಿ ಎರಡು ಸಲ ಮಾತ್ರ, ಮೂರನೆಯದಕ್ಕೆ ಬೇರೆ ದರ. ಒಮ್ಮೆ ಪರಿಚಯದವರೆಂದು ಬಾಯಿಮಾತಿನ ಮೇಲೆ ಒಂದು ಸಂಸ್ಥೆಯ 4 ನಿಮಿಷದ ಚಿತ್ರವನ್ನು ಮಾಡಿಕೊಟ್ಟೆ. 11 ಸಲ ತಿದ್ದಿಸಿದರು, ಕೊನೆಗೆ ಅಧ್ಯಕ್ಷರು ಬದಲಾದರೆಂದು ಹಣವೂ ಬರಲಿಲ್ಲ.

ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಹಣ ಕೊಟ್ಟು ಚಿತ್ರ ಮಾಡಿಸಿದವರೇ ಅದರ ಮೊದಲ ಒಡೆಯರು. ಸಂಬಳದ ನೌಕರಿಯಲ್ಲಿ ಮಾಡಿದ್ದು ಮಾಲೀಕರಿಗೆ ಸೇರುತ್ತದೆ. ಆದುದರಿಂದ ನಿಮ್ಮ ಮನಸ್ಸಿನಲ್ಲಿ ಬೆಳೆಯುತ್ತಿರುವ ಸ್ವಂತ ಪಾತ್ರವನ್ನು ಯಾವ ಬ್ಯಾಂಕಿನ ಜಾಹೀರಾತಿನಲ್ಲಿಯೂ ನಡೆಸಬೇಡಿ. ಕೂಲಿಗೆ ಬೇರೆ ಪಾತ್ರಗಳನ್ನು ಬಿಡಿಸಿ.

ತಂದೆಯವರಿಗೆ ಹೀಗೆ ಹೇಳಿ ನೋಡಿ: ವರ್ಷದಲ್ಲಿ ಎಂಟು ತಿಂಗಳು ದುಡಿಮೆ, ನಾಲ್ಕು ತಿಂಗಳು ಚಿತ್ರ. ಕಬ್ಬಿನ ಸೀಸನ್ ಮತ್ತು ಮದುವೆಯ ಸೀಸನ್ ಎರಡನ್ನೂ ಬಲ್ಲ ಮನೆಯವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ನಾನು ಮಳೆಗಾಲವನ್ನು ಚಿತ್ರಕ್ಕೆಂದು ಇಟ್ಟುಕೊಂಡಿದ್ದೇನೆ, ಆಗ ಆಮಂತ್ರಣ ಕೇಳುವವರು ಕಡಿಮೆ, ಬೆಳಗಾವಿಯ ಮಳೆಯಲ್ಲಿ ಹೊರಗೆ ಹೋಗಲು ನೆಪವೂ ಇರುವುದಿಲ್ಲ.

ಪ್ರಶ್ನೆ: ನನ್ನ ಹತ್ತಿರ ಹಳೆಯ ಲ್ಯಾಪ್‌ಟಾಪ್ ಇದೆ. ಅನಿಮೇಷನ್ ಮಾಡಲು ಲಕ್ಷಗಟ್ಟಲೆ ರೂಪಾಯಿಯ ಕಂಪ್ಯೂಟರ್, ಸಾಫ್ಟ್‌ವೇರ್ ಬೇಕೆಂದು ಇಲ್ಲಿಯ ತರಬೇತಿ ಕೇಂದ್ರದವರು ಹೇಳುತ್ತಾರೆ. ನಿಜವೇ? ನಮ್ಮಲ್ಲಿ ಕರೆಂಟು ಹೋಗುವುದೂ ಹೆಚ್ಚು.
— ವಿದ್ಯಾರ್ಥಿ, ಮುದ್ದೇಬಿಹಾಳ

ಉತ್ತರ: ಕೈಯಲ್ಲಿ ಬಿಡಿಸುವ ಎರಡು ಆಯಾಮದ ಚಿತ್ರಕ್ಕೆ ಹಳೆಯ ಲ್ಯಾಪ್‌ಟಾಪ್ ಸಾಕು. ಕ್ರಿಟಾ, ಓಪನ್‌ಟೂನ್ಜ್, ಬ್ಲೆಂಡರ್ ಮೂರೂ ಉಚಿತ. ಒಂದು ಸಣ್ಣ ಪೆನ್ ಟ್ಯಾಬ್ಲೆಟ್ ಮಾತ್ರ ಕೊಳ್ಳಬೇಕಾಗುತ್ತದೆ. ಉಚಿತವಾದದ್ದು ಕಳಪೆಯಾಗಿರಬೇಕೆಂಬ ಅನುಮಾನ ನಮ್ಮಲ್ಲಿ ಬಹಳ. ಲಾಟ್ವಿಯಾ ಎಂಬ ಸಣ್ಣ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಅವರ ‘ಫ್ಲೋ’ ಚಿತ್ರ ತಯಾರಾದದ್ದು ಬ್ಲೆಂಡರ್‌ನಲ್ಲಿ; ಮಾತೇ ಇಲ್ಲದ ಆ ಚಿತ್ರ 2025ರಲ್ಲಿ ಅತ್ಯುತ್ತಮ ಪೂರ್ಣಾವಧಿ ಅನಿಮೇಷನ್ ಚಿತ್ರದ ಆಸ್ಕರ್ ಪಡೆಯಿತು. ಅದಕ್ಕೂ ಮೊದಲು ಅವರು ಕಿರುಚಿತ್ರಗಳನ್ನು ಮಾಡಿ, ಬಳಿಕ ಒಂದು ಪೂರ್ಣಾವಧಿ ಚಿತ್ರವನ್ನು ಒಬ್ಬರೇ ಮುಗಿಸಿದ್ದರೆಂಬುದನ್ನು ತರಬೇತಿ ಕೇಂದ್ರದವರಿಗೆ ತಿಳಿಸಬಹುದು.

ಮೂರು ಆಯಾಮದ ಚಿತ್ರಕ್ಕೆ ಹೊರಟರೆ ಮಾತ್ರ ಗಣಿತ ಬೇರೆಯಾಗುತ್ತದೆ. ಪರದೆಯ ಮೇಲೆ ಒಂದರ ಹಿಂದೊಂದು ಬರುವ ಒಂದೊಂದು ನಿಶ್ಚಲ ಚಿತ್ರವೇ ಫ್ರೇಮ್; ಸೆಕೆಂಡಿಗೆ 24 ಫ್ರೇಮಿನಂತೆ 3 ನಿಮಿಷಕ್ಕೆ 4,320 ಫ್ರೇಮ್. ಒಂದು ಫ್ರೇಮನ್ನು ರೆಂಡರ್ ಮಾಡಲು, ಅಂದರೆ ಪೂರ್ಣ ಚಿತ್ರವಾಗಿ ಸಿದ್ಧಪಡಿಸಲು, ನಿಮ್ಮ ಯಂತ್ರ 4 ನಿಮಿಷ ತೆಗೆದುಕೊಂಡರೆ 288 ಗಂಟೆ, ಅಂದರೆ ಹಗಲು ರಾತ್ರಿ ಎನ್ನದೆ 12 ದಿನ ಅದು ಓಡುತ್ತಿರಬೇಕು. ಇಲ್ಲಿಯೇ ಕರೆಂಟಿನ ಪ್ರಶ್ನೆ ಬರುವುದು. ನೇರವಾಗಿ ವಿಡಿಯೊ ಫೈಲಾಗಿ ರೆಂಡರ್ ಮಾಡಬೇಡಿ; ಒಂದೊಂದು ಫ್ರೇಮನ್ನೂ ಬೇರೆ ಬೇರೆ ಚಿತ್ರವಾಗಿ ಉಳಿಸುವ ಆಯ್ಕೆಯನ್ನು ಹಾಕಿಕೊಳ್ಳಿ. 2,000ನೆಯ ಫ್ರೇಮ್ ಮುಗಿದ ಮೇಲೆ ಕರೆಂಟು ಹೋದರೆ 2,001ರಿಂದ ಮುಂದುವರಿಸಬಹುದು. ವಿಡಿಯೊ ಫೈಲಾದರೆ ಅರ್ಧದಲ್ಲಿ ಕಡಿದದ್ದು ಬಹಳ ಸಲ ತೆರೆಯುವುದೇ ಇಲ್ಲ. ಎರಡು ಹಾರ್ಡ್‌ಡಿಸ್ಕ್ ಇಟ್ಟುಕೊಳ್ಳಿ, ಎರಡನೆಯದನ್ನು ಬೇರೆ ಮನೆಯಲ್ಲಿ ಇಡಿ. ನನ್ನದು ಅಕ್ಕನ ಮನೆಯ ಬೀರುವಿನಲ್ಲಿ ಒಡವೆಗಳ ಜೊತೆಗಿದೆ.

ಪ್ರಶ್ನೆ: ಅಕ್ಕಾ, ನಾನು ನೇಕಾರರ ಮನೆಯವಳು, ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ನಮ್ಮ ಅಜ್ಜಿಯ ಇಡೀ ಬದುಕನ್ನು, ಅವರು ನೇಯ್ದ ಸೀರೆಗಳ ಮೂಲಕ, 12 ನಿಮಿಷದ ಅನಿಮೇಷನ್ ಚಿತ್ರವಾಗಿ ಮಾಡಬೇಕೆಂದು ಮೂರು ವರ್ಷಗಳಿಂದ ಬಿಡಿಸುತ್ತಿದ್ದೇನೆ. ವಾರಕ್ಕೆ ನಾಲ್ಕು ಸಂಜೆ ಕೂರುತ್ತೇನೆ, ಸಂಜೆಗೆ ಎಂಟು ಚಿತ್ರಗಳಾಗುತ್ತವೆ. ಆದರೆ ಹಳೆಯವನ್ನು ಮತ್ತೆ ಮತ್ತೆ ತಿದ್ದಿ ಬಿಡಿಸಿ, ಇಲ್ಲಿಯವರೆಗೆ ಆಗಿರುವುದು 70 ಸೆಕೆಂಡ್ ಮಾತ್ರ. ಬಿಟ್ಟುಬಿಡಲೇ?
— ಓದುಗಳು, ಇಳಕಲ್

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಇದು ನನ್ನದೇ ಮೊದಲ ಚಿತ್ರದ ಕಥೆ. ಬಿಡಬೇಡಿ, ಆದರೆ 12 ನಿಮಿಷವನ್ನು ಬಿಟ್ಟುಬಿಡಿ.

ಮೊದಲು ಲೆಕ್ಕ ನೋಡೋಣ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ, 12 ನಿಮಿಷಕ್ಕೆ 8,640 ಚಿತ್ರ. ಮೂರು ವರ್ಷಕ್ಕೆ 70 ಸೆಕೆಂಡಿನ ಗತಿಯಲ್ಲಿ ಹೋದರೆ ಚಿತ್ರ ಮುಗಿಯಲು ಸುಮಾರು 30 ವರ್ಷ ಬೇಕು. ನಿಮ್ಮಲ್ಲಿ ಸೋಮಾರಿತನವಿಲ್ಲ: ವಾರಕ್ಕೆ 32 ಚಿತ್ರಗಳನ್ನು ಬಿಡಿಸುವವರು ನೀವು. ಮೂರು ವರ್ಷಗಳಲ್ಲಿ ಸುಮಾರು 5,000 ಚಿತ್ರಗಳನ್ನು ಬಿಡಿಸಿ 840 ಮಾತ್ರ ಉಳಿಸಿಕೊಂಡಿದ್ದೀರಿ. ಕೈ ಪಳಗುತ್ತ ಹೋದಂತೆ ಹಿಂದಿನ ತಿಂಗಳ ಚಿತ್ರ ಕೆಟ್ಟದಾಗಿ ಕಾಣುತ್ತದೆ, ಅದನ್ನು ಮತ್ತೆ ಬಿಡಿಸುವಷ್ಟರಲ್ಲಿ ಕೈ ಇನ್ನೂ ಮುಂದೆ ಹೋಗಿರುತ್ತದೆ. ಇದಕ್ಕೆ ಕೊನೆಯಿಲ್ಲ. ರಷ್ಯಾದ ಯೂರಿ ನಾರ್‌ಸ್ಟೈನ್ ಅವರಂಥ ದೊಡ್ಡ ಕಲಾವಿದರೂ ಇದರಿಂದ ಪಾರಾಗಲಿಲ್ಲ. ಮಂಜಿನಲ್ಲಿ ದಾರಿ ತಪ್ಪುವ ಮುಳ್ಳುಹಂದಿಯ ಸುಮಾರು ಹತ್ತು ನಿಮಿಷದ ಚಿತ್ರವನ್ನು 1975ರಲ್ಲಿ ಮಾಡಿ ಜಗತ್ತನ್ನೇ ಬೆರಗುಗೊಳಿಸಿದ ಅವರು, 1981ರಲ್ಲಿ ಗೊಗೊಲ್‌ನ ‘ಓವರ್‌ಕೋಟ್’ ಕಥೆಯನ್ನು ಕೈಗೆತ್ತಿಕೊಂಡರು. ದಶಕಗಳು ಕಳೆದರೂ ಅದು ಪೂರ್ಣಗೊಂಡಿಲ್ಲ. ಅವರ ಹಿಂದೆ ಆ ಮೊದಲಿನ ಮುಗಿಸಿದ ಚಿತ್ರಗಳಿದ್ದವು. ನಮ್ಮ ಹಿಂದೆ ಏನೂ ಇಲ್ಲ.

ಈಗ ಕಥೆಗೆ ಬರೋಣ. ಅಜ್ಜಿಯ ಇಡೀ ಬದುಕು 12 ನಿಮಿಷದಲ್ಲಿಯೂ ಹಿಡಿಯುವುದಿಲ್ಲ. ಒಂದು ಸಂಜೆ ಎರಡೂವರೆ ನಿಮಿಷದಲ್ಲಿ ಹಿಡಿಯುತ್ತದೆ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಕುಣಿಕೆ ಹಾಕಿ ಕೂಡಿಸುವ ಕೆಲಸವಿದೆಯಲ್ಲ, ನೀವು ಅದನ್ನು ನೋಡುತ್ತಲೇ ಬೆಳೆದಿರುತ್ತೀರಿ. ಅಜ್ಜಿ ಯಾವುದೋ ಒಂದು ಸಂಜೆ ಯಾರಿಗಾಗಿಯೋ ಆ ಕುಣಿಕೆಗಳನ್ನು ಹಾಕುತ್ತ ಕೂತಿದ್ದಾರೆ, ಅಷ್ಟೇ ಚಿತ್ರ. ಯಾರ ಸೀರೆ, ಯಾಕೆ ತಡವಾಗಿದೆ, ಬಾಗಿಲಲ್ಲಿ ಯಾರು ನಿಂತಿದ್ದಾರೆ, ಇವನ್ನು ಒಂದೆರಡು ನೋಟಗಳಲ್ಲಿ ತೋರಿಸಬಹುದು. ಎಳೆಯನ್ನು ಎತ್ತಿ ಕುಣಿಕೆ ಹಾಕಿ ಬಿಡುವ ಬೆರಳಿನ ಚಲನೆ ಹತ್ತು ಹನ್ನೆರಡು ಚಿತ್ರಗಳ ಒಂದು ಸುತ್ತು. ಒಮ್ಮೆ ಚೆನ್ನಾಗಿ ಬಿಡಿಸಿದರೆ ಚಿತ್ರದುದ್ದಕ್ಕೂ ಹತ್ತಾರು ಸಲ ಬಳಸಬಹುದು, ಹಿಂದಿನ ಬೆಳಕು ಮಾತ್ರ ಬದಲಾದರೆ ಸಂಜೆ ರಾತ್ರಿಯಾಗುತ್ತದೆ. ಮಗ್ಗವನ್ನು ಪೂರ್ತಿ ಬಿಡಿಸುವ ಅಗತ್ಯವೂ ಇಲ್ಲ, ಪಕ್ಕದ ಮನೆಯ ಲಾಳಿಯ ಸದ್ದು ಕೇಳಿದರೆ ಓಣಿಯೇ ಕಣ್ಣಿಗೆ ಕಟ್ಟುತ್ತದೆ.

ಎರಡೂವರೆ ನಿಮಿಷವನ್ನು ಸೆಕೆಂಡಿಗೆ 8 ಚಿತ್ರದಂತೆ ಬಿಡಿಸಿದರೆ 1,200 ಚಿತ್ರ. ನಿಮ್ಮ ಈಗಿನ ವೇಗದಲ್ಲಿ ಅದು 150 ಸಂಜೆ, ಅಂದರೆ ಸುಮಾರು ಎಂಟೂವರೆ ತಿಂಗಳು. ಮರುಬಳಕೆಯ ಸುತ್ತುಗಳನ್ನೂ ಅಲುಗಾಡದೆ ನಿಲ್ಲುವ ನೋಟಗಳನ್ನೂ ಕಳೆದರೆ ಇನ್ನೂ ಕಡಿಮೆ. ಸೆಕೆಂಡಿಗೆ 8 ಚಿತ್ರವೆಂದರೆ ಚಲನೆ ಸ್ವಲ್ಪ ತಡೆತಡೆದು ಬರುತ್ತದೆ, ಕೈಕೆಲಸದ ಕಥೆಗೆ ಅದು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಬಿಡಿಸಲು ಕೂರುವ ಮೊದಲು ಅನಿಮ್ಯಾಟಿಕ್ ಮಾಡಲೇಬೇಕು. 40 ಒರಟು ಚಿತ್ರಗಳನ್ನು ಫೋನಿನಲ್ಲಿ ತೆಗೆದು, ತಾತ್ಕಾಲಿಕ ಸದ್ದಿನೊಂದಿಗೆ ಎರಡೂವರೆ ನಿಮಿಷಕ್ಕೆ ಜೋಡಿಸಿ, ಮನೆಯವರಿಗೆ ತೋರಿಸಿ. ಎಲ್ಲಿ ಆಕಳಿಸಿದರೋ ಅದನ್ನು ಅಲ್ಲಿಯೇ ಕತ್ತರಿಸಿ, ಏಕೆಂದರೆ ಆಮೇಲೆ ಕತ್ತರಿಸಿದರೆ ನಿಮ್ಮ ಸಂಜೆಗಳನ್ನೇ ಕತ್ತರಿಸಿದಂತೆ. ಕಸೂತಿ ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಎಡೆ ಬಿಟ್ಟು ಒಂದು ಎಡೆ ಹಿಡಿದು ತುದಿಯವರೆಗೆ ಹೋಗಿ, ಮರಳಿ ಬರುವಾಗ ಬಿಟ್ಟ ಎಡೆಗಳನ್ನು ತುಂಬುತ್ತದೆ. ಮೊದಲು ಚಿತ್ರದ ಕೊನೆಯವರೆಗೂ ಮುಖ್ಯ ಭಂಗಿಗಳನ್ನು ಮಾತ್ರ ಬಿಡಿಸಿ, ಮರಳುವಾಗ ನಡುವಿನವನ್ನು ತುಂಬಿ. ಹೋಗುವ ದಾರಿಯಲ್ಲಿ ಹಿಂದೆ ತಿರುಗಿ ತಿದ್ದಬಾರದು. ತಪ್ಪು ಕಂಡರೆ ಒಂದು ವಹಿಯಲ್ಲಿ ಬರೆದಿಡಿ. ನನ್ನ ಮೂರನೆಯ ಚಿತ್ರದ ಆ ವಹಿಯಲ್ಲಿ 63 ತಪ್ಪುಗಳಿದ್ದವು, ಕೊನೆಗೆ ತಿದ್ದಬೇಕೆನಿಸಿದ್ದು 9.

ಕಾಗದದ ಮೇಲೆಯೇ ಬಿಡಿಸಬೇಕೆಂಬ ನಿಯಮವೂ ಇಲ್ಲ. ಗುಜರಾತಿನಲ್ಲಿ ಹುಟ್ಟಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯಲ್ಲಿ ಕೆಲಸ ಮಾಡಿದ ಇಶು ಪಟೇಲ್ ಸಾವಿರಾರು ಮಣಿಗಳನ್ನು ಕ್ಯಾಮೆರಾದ ಕೆಳಗೆ ಸರಿಸುತ್ತ 1977ರಲ್ಲಿ ಮಾಡಿದ ‘ಬೀಡ್ ಗೇಮ್’ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. ನಿಮ್ಮ ಮನೆಯಲ್ಲಿ ಎಳೆಗಳಿವೆ, ಬಣ್ಣದ ನೂಲಿನ ತುಂಡುಗಳಿವೆ. ಒಂದು ಭಾಗವನ್ನಾದರೂ ಅವುಗಳಿಂದಲೇ ಮಾಡಿ ನೋಡಿ. ಈಗಾಗಲೇ ಆಗಿರುವ 70 ಸೆಕೆಂಡಿನಲ್ಲಿ ಅಜ್ಜಿಯ ಕೈಗಳಿರುವ ಭಾಗವನ್ನು ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಚಿತ್ರಕ್ಕೆ ಊರಿನ ಪಾರಿಜಾತದ (ಶ್ರೀಕೃಷ್ಣ ಪಾರಿಜಾತ ಬಯಲಾಟದ) ಮೇಳದವರ ಒಂದು ಪದ, ಬೇಂದ್ರೆಯವರ ಒಂದು ಕವಿತೆ, ಹಳೆಯ ಕ್ಯಾಸೆಟ್ಟಿನಲ್ಲಿರುವ ಒಂದು ವಚನ ಗಾಯನ ಬಳಸಬೇಕೆಂದಿದ್ದೇನೆ. ಯಾರ ಅನುಮತಿ ಬೇಕು? ಲಾಭವಿಲ್ಲದ ಚಿತ್ರಕ್ಕೂ ಬೇಕೇ?
— ಓದುಗ, ಗೋಕಾಕ

ಉತ್ತರ: ಲಾಭವಿಲ್ಲವೆಂಬುದರಿಂದ ವಿನಾಯಿತಿ ಸಿಗುವುದಿಲ್ಲ. ಚಿತ್ರೋತ್ಸವಗಳಿಗೆ ಚಿತ್ರ ಕಳಿಸುವಾಗ ಎಲ್ಲ ಹಕ್ಕುಗಳೂ ನಿಮ್ಮ ಬಳಿ ಇವೆಯೆಂದು ಒಪ್ಪಿಕೊಳ್ಳಬೇಕಾಗುತ್ತದೆ, ಆಮೇಲೆ ತಕರಾರು ಬಂದರೆ ಆಯ್ಕೆಯಾದ ಚಿತ್ರವೂ ಹೊರಗೆ ಬೀಳುತ್ತದೆ.

ನಿಮ್ಮ ಮೂರು ಹಾಡುಗಳು ಮೂರು ಬಗೆಯವು. ಬರೆದವರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಹಾಗಾಗಿ 2041ರ ಕೊನೆಯವರೆಗೆ ಅವರ ಹಕ್ಕುದಾರರ ಬರಹದ ಅನುಮತಿ ಬೇಕು. ವಚನದ ಮಾತುಗಳು ಎಂಟು ಶತಮಾನಕ್ಕೂ ಹಿಂದಿನವು, ಅವು ಎಲ್ಲರವು. ಆದರೆ ಆ ಕ್ಯಾಸೆಟ್ಟಿನ ಧ್ವನಿಮುದ್ರಣಕ್ಕೆ ಬಿಡುಗಡೆಯಾದ ವರ್ಷ ಮುಗಿದ ಮೇಲೆ ಬೇರೆಯೇ 60 ವರ್ಷದ ಹಕ್ಕಿದೆ, ಅದು ಸಾಮಾನ್ಯವಾಗಿ ಮುದ್ರಿಸಿದ ಕಂಪನಿಯದು. ರಾಗ ಸಂಯೋಜನೆ ಇನ್ನೊಬ್ಬರದಾಗಿದ್ದರೆ ಅವರದೂ ಒಂದು ಹಕ್ಕು. ಪಾರಿಜಾತದ ಹಳೆಯ ಪದಗಳಿಗೆ ಕೃತಿಸ್ವಾಮ್ಯದ ತೊಡಕಿಲ್ಲ, ಆದರೆ ಹಾಡುವ ಕಲಾವಿದರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷಗಳ ಪ್ರದರ್ಶಕರ ಹಕ್ಕಿದೆ.

ಇದರಿಂದ ನಿಮಗೆ ಸುಲಭವಾದ ದಾರಿ ತಾನಾಗಿಯೇ ಕಾಣುತ್ತದೆ. ಕವಿತೆಯನ್ನು ಸದ್ಯ ಕೈಬಿಡಿ. ಊರಿನ ಮೇಳದವರಿಂದ ಪಾರಿಜಾತದ ಪದವನ್ನೂ ವಚನವನ್ನೂ ಹೊಸದಾಗಿ ಹಾಡಿಸಿ, ಒಬ್ಬೊಬ್ಬರಿಗೂ ಗೌರವಧನ ಕೊಟ್ಟು, ಈ ಚಿತ್ರದಲ್ಲಿ ಎಲ್ಲ ದೇಶಗಳಲ್ಲಿಯೂ ಬಳಸಬಹುದೆಂದು ಒಂದು ಪುಟದ ಒಪ್ಪಿಗೆ ಬರೆಸಿಕೊಳ್ಳಿ. ದೇಶ ಮತ್ತು ಅವಧಿಯನ್ನು ನಮೂದಿಸುವುದು ಮುಖ್ಯ: ಹಕ್ಕನ್ನು ಬರೆದುಕೊಡುವಾಗ ಅವು ಬಿಟ್ಟುಹೋದರೆ, ಕಾಯ್ದೆಯ ಪ್ರಕಾರ ಅದು ಭಾರತಕ್ಕೆ ಮಾತ್ರ, 5 ವರ್ಷಕ್ಕೆ ಮಾತ್ರ ಎಂದಾಗುತ್ತದೆ. ಮೇಳದ ಹಿರಿಯರು “ಕಾಗದ ಯಾಕ್ರೀ, ನಾವೇನು ಓಡಿ ಹೊಕ್ಕೇವೇನು?” ಎಂದು ನಗಬಹುದು. ನಗಲಿ, ಸಹಿ ಮಾತ್ರ ಬಿಡಬೇಡಿ. ಎಲ್ಲರ ಹೆಸರುಗಳನ್ನೂ ಚಿತ್ರದ ಕೊನೆಯಲ್ಲಿ ಕನ್ನಡದಲ್ಲಿ ಹಾಕಿ.

ಪ್ರಶ್ನೆ: ನನ್ನ 4 ನಿಮಿಷದ ಚಿತ್ರ ಮುಗಿದಿದೆ. ಯೂಟ್ಯೂಬಿಗೆ ಹಾಕಲೇ, ಚಿತ್ರೋತ್ಸವಕ್ಕೆ ಕಳಿಸಲೇ? ಪಾತ್ರಗಳು ನಮ್ಮ ಬೆಳಗಾವಿಯ ಮಾತನ್ನೇ ಆಡುತ್ತವೆ, ನಡುವೆ ಮರಾಠಿಯೂ ಬರುತ್ತದೆ. ಶುದ್ಧ ಕನ್ನಡಕ್ಕೆ ಬದಲಾಯಿಸಬೇಕೆಂದು ಗೆಳೆಯರು ಹೇಳುತ್ತಾರೆ.
— ಓದುಗ, ಬೆಳಗಾವಿ

ಉತ್ತರ: ಮಾತನ್ನು ಬದಲಾಯಿಸಬೇಡಿ. ಖಡೇಬಜಾರದಲ್ಲಿ ನಿಂತ ಪಾತ್ರ ಪಠ್ಯಪುಸ್ತಕದ ಕನ್ನಡ ಆಡಿದರೆ ನಮ್ಮವರೇ ನಗುತ್ತಾರೆ, ಹೊರಗಿನವರು ಹೇಗಿದ್ದರೂ ಸಬ್‌ಟೈಟಲ್ ಓದಿಯೇ ನೋಡುವವರು. ಸಬ್‌ಟೈಟಲನ್ನು ಚಿತ್ರದ ಮೇಲೆ ಅಚ್ಚೊತ್ತಿದ ಒಂದು ಪ್ರತಿ, ಅಚ್ಚೊತ್ತದ ಒಂದು ಪ್ರತಿ, ಬೇರೆ ಫೈಲಾಗಿ ಒಂದು, ಹೀಗೆ ಮೂರೂ ಇಟ್ಟುಕೊಳ್ಳಿ. ಮರಾಠಿ ಮಾತುಗಳಿಗೆ ಕನ್ನಡದಲ್ಲಿಯೂ ಸಬ್‌ಟೈಟಲ್ ಹಾಕಿ. ಬೆಳಗಾವಿಯಲ್ಲಿ ಬೇಕಾಗದಿರಬಹುದು, ಚಾಮರಾಜನಗರದವರಿಗೆ ಬೇಕು.

ಯೂಟ್ಯೂಬಿಗೆ ಈಗಲೇ ಹಾಕಬೇಡಿ. ಅಂತರ್ಜಾಲದಲ್ಲಿ ಬಂದ ಚಿತ್ರವನ್ನು ತೆಗೆದುಕೊಳ್ಳದ ಉತ್ಸವಗಳಿವೆ, ಒಮ್ಮೆ ಹಾಕಿದ್ದನ್ನು ಹಾಕಿರಲಿಲ್ಲ ಎನ್ನಲಾಗುವುದಿಲ್ಲ. ಒಂದರಿಂದ ಒಂದೂವರೆ ವರ್ಷ ಉತ್ಸವಗಳ ಸುತ್ತು ಮುಗಿಸಿ, ಆಮೇಲೆ ಎಲ್ಲರಿಗೂ ತೆರೆಯಿರಿ. ಅನಿಮೇಷನ್ನಿಗೇ ಮೀಸಲಾದ ಉತ್ಸವಗಳಲ್ಲಿ ಫ್ರಾನ್ಸಿನ ಆನ್ಸಿ ಎಲ್ಲಕ್ಕಿಂತ ದೊಡ್ಡದು, 1960ರಿಂದ ನಡೆಯುತ್ತಿದೆ. ಕ್ರೊಯೇಷಿಯಾದ ಜಾಗ್ರೆಬ್, ಕೆನಡಾದ ಒಟ್ಟಾವ, ಜರ್ಮನಿಯ ಸ್ಟುಟ್‌ಗಾರ್ಟ್ ಅದೇ ಸಾಲಿನವು. ನಮ್ಮ ದೇಶದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್ ಮೂರಕ್ಕೂ ಇದೆ. ಕೇರಳದವರು ತಿರುವನಂತಪುರದಲ್ಲಿ ಸಾಕ್ಷ್ಯ ಮತ್ತು ಕಿರುಚಿತ್ರಗಳ ಉತ್ಸವ ನಡೆಸುತ್ತಾರೆ, ಬೆಂಗಳೂರಿನಲ್ಲಿಯೂ ಕಿರುಚಿತ್ರಗಳ ಅಂತರರಾಷ್ಟ್ರೀಯ ಉತ್ಸವವಿದೆ. ರಾಷ್ಟ್ರ ಪ್ರಶಸ್ತಿಗಳಲ್ಲಿ ಅನಿಮೇಷನ್ನಿಗೆ ಪ್ರತ್ಯೇಕ ವಿಭಾಗವಿದೆ, ಆದರೆ ಅದಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕಾಗುತ್ತದೆಂಬುದನ್ನು ಮೊದಲೇ ಗಮನದಲ್ಲಿಡಿ.

ಪ್ರವೇಶ ಶುಲ್ಕದ ವಿಷಯದಲ್ಲಿ ಎಚ್ಚರವಿರಲಿ. ಕೆಲವು ಉತ್ಸವಗಳು ಉಚಿತ, ಕೆಲವು ನ್ಯಾಯವಾದ ಶುಲ್ಕ ಪಡೆಯುತ್ತವೆ. ಇನ್ನು ಕೆಲವು ಹೆಸರಿನಲ್ಲಿ ಮಾತ್ರ ಉತ್ಸವ, ಸಭಾಂಗಣವೂ ಇಲ್ಲ, ಪ್ರೇಕ್ಷಕರೂ ಇಲ್ಲ, ತಿಂಗಳಿಗೊಮ್ಮೆ ನೂರು ಜನರಿಗೆ ಪ್ರಶಸ್ತಿ. ಮೊದಲ ಚಿತ್ರದ ಕಾಲದಲ್ಲಿ ಅಂಥ ಮೂರು ಪ್ರಮಾಣಪತ್ರಗಳನ್ನು ನಾನೂ ಹಣ ಕೊಟ್ಟು ಕೊಂಡಿದ್ದೇನೆ. ಹೋದ ವರ್ಷ ಅದು ಯಾವ ಊರಿನಲ್ಲಿ, ಯಾವ ಸಭಾಂಗಣದಲ್ಲಿ, ಯಾವ ಚಿತ್ರಗಳೊಂದಿಗೆ ನಡೆಯಿತೆಂದು ಹುಡುಕಿ, ಉತ್ತರ ಸಿಕ್ಕರೆ ಮಾತ್ರ ಕಳಿಸಿ. ನಿಮ್ಮ ಚಿತ್ರ 4 ನಿಮಿಷದ್ದಾಗಿರುವುದು ಒಂದು ಅನುಕೂಲ. ಒಂದೂವರೆ ಗಂಟೆಯ ಕಾರ್ಯಕ್ರಮವನ್ನು ಜೋಡಿಸುವವರಿಗೆ 20 ನಿಮಿಷದ ಒಂದು ಚಿತ್ರಕ್ಕಿಂತ 4 ನಿಮಿಷದ್ದಕ್ಕೆ ಜಾಗ ಹುಡುಕುವುದು ಸುಲಭ.

30 ಕಡೆ ಕಳಿಸಿದರೆ 27 ಕಡೆಯಿಂದ ‘ಇಲ್ಲ’ ಬರುತ್ತದೆ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿ. ಆ ಪತ್ರಗಳು ಬರುವ ತಿಂಗಳುಗಳಲ್ಲಿ ಮುಂದಿನ ಚಿತ್ರದ ಸ್ಟೋರಿಬೋರ್ಡ್ (ಕಥೆಯನ್ನು ನೋಟ ನೋಟವಾಗಿ ಬಿಡಿಸಿಟ್ಟ ಹಾಳೆಗಳು) ಮೇಜಿನ ಮೇಲಿದ್ದರೆ ಅಷ್ಟಾಗಿ ನೋಯುವುದಿಲ್ಲ.

ಪ್ರಶ್ನೆ: ನಮ್ಮ ಮಗ ಡಿಪ್ಲೊಮಾ ಓದಿ, ಹಗಲು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ರಾತ್ರಿ ಎರಡರವರೆಗೆ ಕಂಪ್ಯೂಟರಿನಲ್ಲಿ ಗೊಂಬೆ ಆಡಿಸುತ್ತಾನೆ. ಬೈಯಬೇಕೋ ಬಿಡಬೇಕೋ ತಿಳಿಯದು. ಈಗ ಚಿತ್ರದಲ್ಲಿ ತಾಯಿಯ ಪಾತ್ರಕ್ಕೆ ನನ್ನ ಧ್ವನಿ ಬೇಕೆನ್ನುತ್ತಾನೆ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ನನ್ನಿಂದ ಆಗುತ್ತದೆಯೇ?
— ತಾಯಿಯೊಬ್ಬರು, ಚಿಕ್ಕೋಡಿ (ಮಗಳ ಕೈಯಲ್ಲಿ ಬರೆಸಿದ್ದು)

ಉತ್ತರ: ತಾಯಿ, ಮಗ ಹಗಲು ದುಡಿದು ರಾತ್ರಿ ಚಿತ್ರ ಮಾಡುತ್ತಿದ್ದಾನೆಂದರೆ, ಸಿಂದಗಿಯವರಿಗೆ ನಾನು ಅಷ್ಟು ಉದ್ದ ಹೇಳಿದ್ದನ್ನು ಅವನು ತಾನಾಗಿಯೇ ಮಾಡುತ್ತಿದ್ದಾನೆ. ಬೈಯುವುದು ಬೇಡ, ಎರಡು ಪ್ರಶ್ನೆಗಳನ್ನು ಕೇಳಿ. ಚಿತ್ರ ಎಷ್ಟು ನಿಮಿಷದ್ದು? ಯಾವ ತಿಂಗಳು ಮುಗಿಯುತ್ತದೆ? ಎರಡಕ್ಕೂ ಅವನು ತಡವರಿಸದೆ ಉತ್ತರ ಹೇಳಿದರೆ ನಿಶ್ಚಿಂತರಾಗಿರಿ. ತಡವರಿಸಿದರೆ ಈ ಪುಟದಲ್ಲಿ ಇಳಕಲ್ಲಿನವರಿಗೆ ಬರೆದದ್ದನ್ನು ಓದಲು ಹೇಳಿ. ರಾತ್ರಿ ಎರಡು ಗಂಟೆ ಮಾತ್ರ ಒಳ್ಳೆಯದಲ್ಲ. ಮಣಿಕಟ್ಟು ಮತ್ತು ಕಣ್ಣು ಹೋದರೆ ಈ ಕೆಲಸದಲ್ಲಿ ಮತ್ತೇನೂ ಉಳಿಯುವುದಿಲ್ಲ. ನನ್ನ ಬಲ ಮಣಿಕಟ್ಟು ಈಗಲೂ ಚಳಿಗಾಲದಲ್ಲಿ ನೋಯುತ್ತದೆ. ಹನ್ನೊಂದಕ್ಕೆ ದೀಪ ಆರಿಸಲು ನೀವು ಹಟ ಹಿಡಿಯಬಹುದು.

ಧ್ವನಿಯ ಬಗ್ಗೆ ಹೆದರಬೇಡಿ, ಆ ಕೆಲಸಕ್ಕೆ ಇಯತ್ತೆ ಬೇಕಾಗಿಲ್ಲ. ಮಧ್ಯಾಹ್ನ ಓಣಿ ಮಲಗಿದ ಹೊತ್ತು ನೋಡಿ, ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಮನೆಯಲ್ಲಿರುವ ಕೌದಿಗಳನ್ನೆಲ್ಲ ಮೂರು ಕಡೆ ಹಗ್ಗಕ್ಕೆ ನೇತುಹಾಕಲು ಮಗನಿಗೆ ಹೇಳಿ. ಗೋಡೆಗೆ ಬಡಿದು ಮರಳುವ ಸದ್ದನ್ನು ಕೌದಿ ನುಂಗುತ್ತದೆ. ಮೈಕನ್ನು ಬಾಯಿಯಿಂದ ಒಂದು ಗೇಣು ದೂರ ಇಡಲಿ, ಬಳೆಗಳನ್ನು ಸ್ವಲ್ಪ ಹೊತ್ತು ತೆಗೆದಿಡಿ, ಅವುಗಳ ಸದ್ದು ಮೊದಲು ಕೇಳಿಸುತ್ತದೆ. ಅವನು ಬರೆದುಕೊಟ್ಟ ಮಾತನ್ನು ಕಾಗದ ನೋಡಿ ಓದದೆ, ಅಡುಗೆಮನೆಯಿಂದ ಅವನನ್ನು ಊಟಕ್ಕೆ ಕರೆಯುವ ಹಾಗೆ ಹೇಳಿ. ಮೊದಲನೆಯ ಸಲ ಹೇಳಿದ್ದನ್ನು ಅಳಿಸಲು ಮಾತ್ರ ಬಿಡಬೇಡಿ.